ಹನ್ನೊಂದೂವರೆಯ ಗುಂಪು

ಬೂಟಿನ ಮೇಲೆ ನೀಲಿ ಚೀಲ ತೊಟ್ಟು
ನಾವು ಹನ್ನೆರಡು ಮಂದಿ
ಮೆಲ್ಬರ್ನಿನ ಅಂಚಿಗೆ, ಬ್ಯೂಮಾರಿಸ್‌ನ ಆ ಮನೆಯೊಳಗೆ ಹೋದೆವು.
ಹೋದೆವೋ, ಇನ್ನೂ ಹೊರಗೇ ಇದ್ದೆವೋ.
ಹೊಸ್ತಿಲೇ ಇಲ್ಲ.
ಅಂಗಳದ ಕಲ್ಲು ಗಾಜಿನಡಿ ನುಸುಳಿ
ಹಾಗೇ ನಡುಮನೆಯ ನೆಲವಾಗಿಬಿಟ್ಟಿತ್ತು.
ಯಾವ ಕಾಲು ಮೊದಲಿಡಲಿ ಎಂದು
ತಡೆದು ನಿಂತವಳು ನಾನೊಬ್ಬಳೇ.

"ಒಳಗು ಹೊರಗಿನ ಭೇದವನ್ನೇ ಅಳಿಸಿದ ಮನೆ"
ಎಂದರು ವಿನಿಫ್ರೆಡ್ ಟ್ರೆಗೆಂಜಾ, ನಮ್ಮ ಮಾರ್ಗದರ್ಶಿ,
ಎಪ್ಪತ್ತು ದಾಟಿದವರು, ಕಿವಿಯಲ್ಲಿ ಕೆಂಪು ಚೌಕ.
ಆ ಮಾತನ್ನು ನಂಬಿ ಬಂದ ಹಕ್ಕಿಗಳಿಗಾಗಿ
ಈಗ ಗಾಜಿನ ತುಂಬ
ಚುಕ್ಕಿ ಚುಕ್ಕಿ ಅಂಟಿಸಿದ್ದಾರೆ.

ಕೂರಬೇಡಿ. ಒರಗಬೇಡಿ. ಮುಟ್ಟಬೇಡಿ.
ಬೆನ್ನಿನ ಚೀಲವನ್ನು ಕೂಸಿನ ಹಾಗೆ ಮುಂದೆ ಅವುಚಿಕೊಳ್ಳಿ.

ನಾನು ಟ್ರ್ಯಾಮ್ ಓಡಿಸುವವಳು.
ವಾರಕ್ಕೈದು ದಿನ ಗಾಜಿನ ಹಿಂದೆ ಕೂತು
ಊರು ನನ್ನ ಮೇಲೇ ಬರುವುದನ್ನು ನೋಡುವವಳು.
ಡಿಪೋದ ಲಾಟರಿಯಲ್ಲಿ ಬಂದ ಟಿಕೆಟು ಇದು:
ಮೊದಲ ಬಹುಮಾನ ಇಡೀ ಹಂದಿಯ ತೊಡೆ,
ಮೂರನೆಯದು ವಾಸ್ತುಶಿಲ್ಪ.

ಹಿಂಗಾಲೆರಡಿಲ್ಲದ ಉಕ್ಕಿನ ಕುರ್ಚಿ
ಬೀಳದೆ ನಿಂತಿದೆ, ಯಾರನ್ನೂ ಕೂರಿಸಿಕೊಳ್ಳದೆ.
ಬಾಗಿಲೆಲ್ಲ ಸರಿಸುವ ಬಾಗಿಲು.
ಸಿಟ್ಟು ಬಂದರೆ ದಡಾರನೆ ಹಾಕಲು
ಒಂದೂ ಇಲ್ಲ.
ಗೋಡೆಗೂ ಕಿವಿಯಿದೆ ಅಂತಾರೆ;
ಗೋಡೆಯೇ ಇಲ್ಲದಲ್ಲಿ ಗಂಡ ಹೆಂಡಿರು
ಎಲ್ಲಿ ಜಗಳವಾಡಿದರು?
ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

"ಚಪ್ಪಟೆ ತಾರಸಿ, ಆ ಕಾಲಕ್ಕೆ ದಿಟ್ಟ ನಿರ್ಧಾರ"
ಎಂದರು ವಿನಿಫ್ರೆಡ್.
ಮೂಲೆಯಲ್ಲೊಂದು ಹಳದಿ ಬಕೆಟ್ಟು.
"ಇದೂ ಆ ಕಾಲದ್ದೇ?" ಕೇಳಿದ ಒಬ್ಬ ಹುಡುಗ, ಭಕ್ತಿಯಿಂದ.
"ಇಲ್ಲಪ್ಪ, ಮಂಗಳವಾರದ್ದು."

ನಮ್ಮಲ್ಲಿ ಮುಟ್ಟಲು ಪರವಾನಗಿ ಇದ್ದದ್ದು
ಅರಿಸ್ಟಿಡಿಸ್ ಕೊಂಡೋಸ್ ಒಬ್ಬರಿಗೆ.
ನಲವತ್ತು ವರ್ಷ ಬಡಗಿ, ಈಗ ಕಣ್ಣಿಲ್ಲ,
ಮೊಮ್ಮಗಳ ಮೊಣಕೈ ಹಿಡಿದು ಬಂದವರು.
ಅವರ ಬೆರಳು ಊಟದ ಮೇಜಿನ ಅಂಚಿಗುಂಟ ಹೊರಟಾಗ
ಹನ್ನೊಂದು ಜನ ಉಸಿರು ಹಿಡಿದೆವು,
ನಮ್ಮ ಕೈಯನ್ನೂ ಅವರಿಗೇ ಕೊಟ್ಟವರಂತೆ.
"ಮೇಲುಗಡೆ ಗಿರಾಕಿಗೆ," ಎಂದರು, "ಅಡಿ ಬಡಗಿಗೆ."
ಅಡಿಗೆ ಕೈ ಹಾಕಿದರು.
ನಿಂತಿತು ಕೈ.
ಹಿಂದೆ ಬಂತು, ಮತ್ತೆ ಹೋಯಿತು,
ಉಗುರಿನಿಂದ ಮೆಲ್ಲಗೆ ತಟ್ಟಿತು.
ಆಮೇಲೆ ನಗು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಬಾಯಲ್ಲಿ.

ಚೂಯಿಂಗ್ ಗಮ್.
ಒಂದಲ್ಲ, ಮೂರು. ಕಲ್ಲಾಗಿತ್ತು.
ಒಂದರಲ್ಲಿ ಹೆಬ್ಬೆರಳಿನ ಗುಳಿ,
ನನ್ನ ಕಿರುಬೆರಳೂ ಹಿಡಿಯದಷ್ಟು ಚಿಕ್ಕದು.

(ಹೌದು, ಮುಟ್ಟಿದೆ.)

ಹನ್ನೊಂದು ವರ್ಷ ಈ ಮೇಜಿನ ಕತೆ ಹೇಳಿದ ವಿನಿಫ್ರೆಡ್
ಬರಿ ನೆಲದ ಮೇಲೆ ಮೊಣಕಾಲೂರಿ ಇಣುಕಿದರು.
ಒಬ್ಬೊಬ್ಬರಾಗಿ ನಾವೂ ಬಗ್ಗಿದೆವು
ತೀರ್ಥಕ್ಕೆ ಬಗ್ಗಿದಂತೆ, ಸಾಲಾಗಿ.
ಗೋಡೆಯ ಫೋಟೋದಲ್ಲಿ ಆ ಮನೆಯ ಇಬ್ಬರು ಮಕ್ಕಳು
ಇದೇ ಮೇಜಿಗೆ ನೆಟ್ಟಗೆ ಕೂತಿದ್ದರು,
ಬಾಯಿ ಮುಚ್ಚಿ.

"ಕ್ಯುರೇಟರಿಗೆ ಹೇಳಬೇಕು" ಎಂದು ಎದ್ದರು ವಿನಿಫ್ರೆಡ್.
ಹೇಳಿದರೆ ಕೆರೆದು ತೆಗೆಯುತ್ತಾರೋ,
ನಂಬರು ಕೊಟ್ಟು ಪಟ್ಟಿಗೆ ಸೇರಿಸುತ್ತಾರೋ.
ಗಾಜಿನಾಚೆ ಹನ್ನೆರಡೂವರೆಯ ಗುಂಪು
ಆಗಲೇ ನೀಲಿ ಚೀಲ ತೊಡುತ್ತಿತ್ತು, ಒಂಟಿಗಾಲಲ್ಲಿ,
ಕೊಕ್ಕರೆಗಳ ಹಾಗೆ.
ವಿನಿಫ್ರೆಡ್ ಸ್ಕರ್ಟು ಕೊಡವಿಕೊಂಡರು,
ಗಡಿಯಾರ ನೋಡಿದರು.
"ಅಡುಗೆಮನೆ ಈ ಕಡೆ."

ಸೋಮವಾರ ಹಾಥಾರ್ನ್ ರಸ್ತೆಯ ಕೆಂಪು ದೀಪದಲ್ಲಿ
ನನ್ನ ಸೀಟಿನಡಿ ಕೈಯಾಡಿಸಿದೆ.
ಗ್ರೀಸು. ಧೂಳು. ಸಡಿಲಾದ ಒಂದು ಸ್ಕ್ರೂ.
ಬೆರಳಲ್ಲೇ ತಿರುಗಿಸುತ್ತಿದ್ದೆ,
ಹಿಂದಿನ ಕಾರಿನವನು ಹಾರ್ನ್ ಹೊಡೆದ.