ಮಾರು ಲೆಕ್ಕ

ಬೈತಖೋಲದ ದತ್ತಾರಾಮ ತಾಂಡೇಲ,
ಬಲೆಯ ಹರುಕು ಹೆಣೆಯುವವನು, ಐವತ್ತೇಳು ವರ್ಷ,
ನನ್ನ ಟಿಕೆಟ್ ಅಂಗಡಿಗೆ ಬಂದ
ಚಪ್ಪಲಿ ಹೊರಗೆ ಬಿಟ್ಟು.
ಪುಂಟಾ ಅರೆನಾಸ್ ಎಂದು ಬರೆದ ಚೀಟಿ
ಕಿಸೆಯಲ್ಲಿ ಬೆವರಿ ಮೆತ್ತಗಾಗಿತ್ತು.
ಚಿಲಿ ದೇಶದ ಕಟ್ಟಕಡೆ. ಅಲ್ಲಿ ಮೀನು ಸಾಕುವವರ ಬಲೆಗೆ
ಆರು ತಿಂಗಳ ಮಟ್ಟಿಗೆ ಒಂದು ಜೊತೆ ಕೈ ಬೇಕಂತೆ.

"ರೇಟು ಆಮೇಲೆ. ದೂರ ಎಷ್ಟು, ಅದು ಹೇಳಿ."

ದಾಬೋಲಿಂನಿಂದ ನೇರ ಹಿಡಿದರೆ, ಪರದೆ ಹೇಳಿತು,
ಹದಿನಾಲ್ಕು ಸಾವಿರದ ಎಂಟುನೂರು ಕಿಲೋಮೀಟರು.
ಅವನು ತಲೆಯಾಡಿಸಲಿಲ್ಲ.
ಕಿಲೋಮೀಟರು ಅಂದರೆ ರಸ್ತೆಯವರ ಮಾತು.

ಕಪಾಟಿನ ಮೇಲಿನ ಭೂಗೋಳ ಇಳಿಸಿದೆ.
ಮುಚ್ಚಿದ ಶಾಲೆಯ ಹರಾಜಿನಲ್ಲಿ ಸಿಕ್ಕಿದ್ದು;
ಕಾರವಾರ ಅದರಲ್ಲಿಲ್ಲ, ಪೆನ್ನಿನಿಂದ ನಾನೇ ಇಟ್ಟ ಚುಕ್ಕಿ.
ಅವನು ಕಿಸೆಯಿಂದ ಹತ್ತಿದಾರ ತೆಗೆದ,
ಒಂದು ತುದಿ ನನ್ನ ಹೆಬ್ಬೆರಳ ಕೆಳಗೆ, ಇನ್ನೊಂದು ಅವನದರ ಕೆಳಗೆ,
ಬಿಗಿದ.
ದಾರ ತಾನೇ ಜಾರಿ ದಾರಿ ಹುಡುಕಿಕೊಂಡಿತು.
ಆಫ್ರಿಕಾವನ್ನು ಮುಟ್ಟಲಿಲ್ಲ,
ಸೂಜಿಮೊನೆಯಂಥ ದ್ವೀಪಗಳನ್ನು ಬದಿಗೆ ಬಿಟ್ಟು
ತೆಂಕಕ್ಕೆ, ಇನ್ನೂ ತೆಂಕಕ್ಕೆ,
ಹಿಮದ ಬಿಳಿಗೆ ಸವರುವಷ್ಟು ಇಳಿದು ಮೇಲೆ ಬಂತು.
ಬರೀ ನೀರು.

"ಇದು ನಮ್ಮ ದಾರಿ," ಅಂದ. "ವಿಮಾನವೂ ಹೀಗೇ ಅಲ್ದ?"

ಅಲ್ಲ. ಮುಂಬಯಿ, ದೋಹಾ, ಸಾವೊ ಪಾಲೊ, ಸ್ಯಾಂಟಿಯಾಗೊ.
"ಇಷ್ಟು ಸುತ್ತು ಯಾಕೆ?"
ಹತ್ತುವವರು ಬೇಕು. ಇಂಜಿನ್ ನಿಂತರೆ ಇಳಿಯಲಿಕ್ಕೆ ನೆಲ ಬೇಕು.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ನಾವೂ ಸಣ್ಣ ದೋಣಿಯಲ್ಲಿ ಹೋದರೆ
ದೇವಗಡದ ದೀಪ ಕಣ್ಣು ಬಿಟ್ಟು ಹೋಗುವುದಿಲ್ಲ," ಅಂದ.

ನಲವತ್ತಮೂರು ತಾಸು. ಅಲ್ಲಿನ ಗಡಿಯಾರ ಎಂಟೂವರೆ ತಾಸು ಹಿಂದೆ.
"ಹಾಗಾದರೆ ಎಂಟೂವರೆ ತಾಸು ನನಗೆ ಉಳೀತು?"
ಬರುವಾಗ ವಾಪಸು ಕೊಡಬೇಕು.
"ಬಡ್ಡಿ?"
ಇಲ್ಲ.
"ಬೈತಖೋಲದಲ್ಲಿ ಇಂಥ ಸಾಲ ಯಾರೂ ಕೊಟ್ಟದ್ದಿಲ್ಲ."

(ಮಾಜಾಳಿಯ ಗಡಿ ದಾಟಿ ದಾಬೋಲಿಂಗೆ ಮೂರು ತಾಸು,
ಕಾಣಕೋಣದ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಐದು.
ಅದು ಪರದೆಯ ಲೆಕ್ಕಕ್ಕೆ ಬರುವುದಿಲ್ಲ.)

ಆಮೇಲೆ ಎದ್ದು ನಿಂತು ಎರಡೂ ಕೈ ಚಾಚಿದ.
ಒಂದು ಕುರ್ಚಿಯ ಬೆನ್ನಿಗೆ ತಾಗಿತು, ಒಂದು ಕ್ಯಾಲೆಂಡರಿಗೆ.
"ಇದು ಒಂದು ಮಾರು. ಈಗ ಹೇಳಿ."
ಎಂಬತ್ತೆರಡು ಲಕ್ಷ, ಅಂದಿತು ಕ್ಯಾಲ್ಕುಲೇಟರು.
ಅವನು ಬೆರಳು ಮಡಚುತ್ತ ಹೋದ,
ಹದಿನಾರನೇ ವರ್ಷದಿಂದ ಹೆಣೆದದ್ದು,
ಇಲಿ ಕಡಿದದ್ದು, ಬಂಡೆಗೆ ಸಿಕ್ಕಿ ಹರಿದದ್ದು,
ಅದನ್ನೇ ಮತ್ತೆ ಹೆಣೆದದ್ದು,
ಎರಡು ಸಲ ಹಿಡಿಯಬಹುದೋ ಇಲ್ಲವೋ ಎಂದು ತಡೆದು,
"ಅರ್ಧವೂ ಆಗಲಿಕ್ಕಿಲ್ಲ," ಅಂದ, ನಾಚಿದವನ ಹಾಗೆ.

ದಾರ ಬಿಟ್ಟು ಹೋದ.
ನಾನು ಎರಡೂ ತುದಿಗೆ ಗೋಂದು ಹಚ್ಚಿ ಇಟ್ಟೆ.
ಜೂನಿನ ಥಂಡಿಗೆ ಅದು ಕುಗ್ಗಿ,
ಚಿಲಿಯ ತುದಿ ಕಿತ್ತು ಬೆರಳಗಲ ಈಚೆಗೆ
ನೀರಿನ ಮೇಲೆ ಬಂದು ನಿಂತಿದೆ.

ನಿನ್ನೆ ಶಟರು ಅರ್ಧ ಎಳೆದು, ಬಳೆ ಮೇಲೆ ಸರಿಸಿ,
ಅದೇ ಜಾಗದಲ್ಲಿ ನಿಂತು ಕೈ ಚಾಚಿದೆ.
ಕುರ್ಚಿ ಸಿಕ್ಕಿತು.
ಕ್ಯಾಲೆಂಡರಿಗೆ ನಾಲ್ಕು ಬೆರಳು ಕಡಿಮೆ.
ಆ ಊರು ನನಗೆ
ಅವನಿಗಿಂತ ದೂರ.