ಮೂವತ್ತೊಂದನೆಯ ಕೈ

ಮೇಲೆ ಯಾರೂ ಇಲ್ಲ ಎಂದು ಒಪ್ಪಿ
ಒಳಗೆ ಬಂದವರು ನಾವು.
ಮೇಲೆ ಇರುವುದು ಸೂರು.
ಅದು ಸೋರುತ್ತದೆ.

ಡುಲೂತ್ ಬಂದರಿನ ಏರು ಬೀದಿ.
ಹಿಂದೊಮ್ಮೆ ಬೂಟಿನ ಅಂಗಡಿಯಾಗಿದ್ದ ನಮ್ಮ ನೀತಿ ಸಂಘ.
ಪೀಠವಿಲ್ಲ, ಪಾದ್ರಿಯಿಲ್ಲ, ಹರಕೆಯ ಮೇಣದಬತ್ತಿಯಿಲ್ಲ.
ಒಳಿತನ್ನು ಒಳಿತಿಗಾಗಿಯೇ ಮಾಡೋಣ
ಎಂಬ ಒಂದು ಸಾಲು ಗೋಡೆಯ ಮೇಲೆ.
ಕೊನೆಯ ಅಕ್ಷರದ ಮೇಲೆ ನೀರಿಳಿದು
ಈಗ ಬರೀ ‘ಮಾಡೋ’ ಅನ್ನುತ್ತದೆ, ಗದರಿದ ಹಾಗೆ.

ಮೇ ತಿಂಗಳು. ಸರೋವರದಲ್ಲಿ ಇನ್ನೂ ಮಂಜುಗಡ್ಡೆಯ ಹಲಗೆಗಳು,
ಅದಿರಿನ ಹಡಗೊಂದು ದಾರಿಗಾಗಿ ಗುಟುರು ಹಾಕುತ್ತಿತ್ತು.
ವಾರ್ಷಿಕ ಸಭೆ. ಕೋರಂ ಮೂವತ್ತೊಂದು.
ನಾನು, ಕಾರ್ಯದರ್ಶಿ ಆರಿನ್ ಟ್ವೇಟ್,
ನನ್ನನ್ನೂ ಸೇರಿಸಿ ತಲೆ ಎಣಿಸಿದೆ: ಮೂವತ್ತು.
ಮತ್ತೆ ಎಣಿಸಿದೆ.
ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟೊಂದನ್ನು
ಮನುಷ್ಯನೆಂದು ಬರೆದುಕೊಳ್ಳುವ ಆಸೆಯಾಯಿತು.
ಒಂದು ಕಾಲಕ್ಕೆ ಇಲ್ಲಿ ಕೋಟು ಇಡಲೂ ಜಾಗವಿರಲಿಲ್ಲ.

ಹಿಲ್ಯಾ ಕೊಸ್ಕೆಲಾ, ಎಂಬತ್ತೆಂಟು,
ಇಪ್ಪತ್ತೇಳು ವರ್ಷದ ಲೆಕ್ಕದ ಪುಸ್ತಕ ಮಡಿಲಲ್ಲಿಟ್ಟುಕೊಂಡು
ನಿದ್ದೆಹೋದ ಮಗುವನ್ನು ಯಾರ ಕೈಗಾದರೂ ದಾಟಿಸಲು
ಕಾದವಳ ಹಾಗೆ ಮುಖ ಮುಖ ನೋಡುತ್ತಿದ್ದಳು.
ಆ ನೋಟ ತಮ್ಮತ್ತ ತಿರುಗಿದಾಗೆಲ್ಲ
ಒಬ್ಬೊಬ್ಬರ ಬೂಟಿನ ಲಾಡಿಯೂ ಬಿಚ್ಚಿಹೋಗುತ್ತಿತ್ತು.

ನಮ್ಮನ್ನು ನಾನು ಬಲ್ಲೆ.
ಸತ್ಯದ ಬಗ್ಗೆ ಎರಡು ಗಂಟೆ ಕೇಳುತ್ತೇವೆ, ತೂಕಡಿಸದೆ.
ನ್ಯಾಯ ಎಂದರೆ ಕಣ್ಣು ಒದ್ದೆಯಾಗುತ್ತದೆ.
ಬಾಯ್ಲರಿನ ಮಾತೆತ್ತಿದರೆ ಮಾತ್ರ
ನಮಗೇಕೆ ಊರ ಉಸಾಬರಿ.
ಕೈ ಎತ್ತಿ ಎಂದರೆ
ಕೈ ಎತ್ತಿಬಿಡುತ್ತೇವೆ.

ಕೆಳಗೆ ಅಡುಗೆಮನೆಯಲ್ಲಿ ಯಾರೋ ಲೋಟ ತೊಳೆಯುವ ಸದ್ದು.
ಇಳಿದುಹೋದೆ. ಪಾ ಕೂ ವಾಂಗ್.
ಮೂರು ವರ್ಷದ ಸದಸ್ಯೆ, ಚಂದಾ ಒಂದು ದಿನ ತಡವಿಲ್ಲ.
‘ಮೇಲೆ ಬಾ, ನೀನಿಲ್ಲದೆ ಸಭೆ ನಡೆಯುವುದಿಲ್ಲ.’
‘ನಾನು ಕೇಳಲು ಬರುವವಳು,’ ಅಂದಳು,
‘ನಡೆಸುವವರು ಬೇರೆ ಇದ್ದಾರಲ್ಲ?’
ಇದ್ದಾರೆ, ಎಂದೆ,
ಮೂವತ್ತು ಜನ, ಮೇಲೆ ಲಾಡಿ ಕಟ್ಟಿಕೊಳ್ಳುತ್ತಿದ್ದಾರೆ.

ನಿಜ ಹೇಳುತ್ತೇನೆ: ಆಗ ನನಗೆ ಬೇಕಿದ್ದದ್ದು ಅವಳಲ್ಲ,
ಅವಳಿಂದಾಗುವ ಅಂಕಿ.

ಠರಾವು ನನ್ನದೇ:
ಹಿತ್ತಲ ಜಾಗವನ್ನು ಕಾರು ನಿಲ್ಲಿಸುವ ಕಂಪನಿಗೆ ಮಾರಿ
ಆ ದುಡ್ಡಿನಲ್ಲಿ ಸೂರು ಸರಿಮಾಡಿಸುವುದು.
ಪರ, ಹದಿನೈದು.
ವಿರೋಧ, ಹದಿನೈದು ಎಂದು ಬರೆಯುವಷ್ಟರಲ್ಲಿ
ಹಿಂದಿನ ಸಾಲಿನಲ್ಲಿ ಒಂದು ಒದ್ದೆ ಕೈ,
ಸಾಬೂನಿನ ನೀರು ಮೊಣಕೈಗೆ ಇಳಿಯುತ್ತ.
‘ಅಲ್ಲಿ ಮಕ್ಕಳು ಬಟಾಣಿಗೆಂದು ಮಣ್ಣು ಅಗೆದಿದ್ದಾರೆ.
ಅವರನ್ನು ಕೇಳಿದಿರಾ?’

ನಾನೇ ಕರೆತಂದ ಕೈ ನನ್ನನ್ನು ಸೋಲಿಸಿತು.
ಹೊಟ್ಟೆ ಉರಿಯಿತು, ಸುಳ್ಳೇಕೆ.
ರಾತ್ರಿ ನಡಾವಳಿ ಬರೆಯಲು ಕೂತಾಗ ಗಮನಿಸಿದೆ:
ಹನ್ನೊಂದು ವರ್ಷದಲ್ಲಿ ಇದೇ ಮೊದಲು
‘ಸರ್ವಾನುಮತದಿಂದ’ ಎಂದು ಬರೆಯದೆ ಪುಟ ಮುಗಿದದ್ದು.
ಆ ಪದವನ್ನು ಬರೆದಾಗೆಲ್ಲ
ಯಾರೂ ಇರಲಿಲ್ಲ ಎಂದೇ ಬರೆಯುತ್ತಿದ್ದೆನೇನೋ.

ಸಭೆ ಮುಗಿದ ಮೇಲೆ ಪಾ ಕೂ, ಕೈ ಒರೆಸಿಕೊಂಡು,
ಹಿಲ್ಯಾಳ ಪುಸ್ತಕ ತೆರೆದಳು.
‘ಸಕ್ಕರೆಗೆ ಇಷ್ಟು ಯಾಕೆ ಕೊಡುತ್ತೀರಿ?’
ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮುದುಕಿ ಏನೂ ಹೇಳದೆ
ಪಕ್ಕದ ಕುರ್ಚಿಯಿಂದ ಕೋಟು ತೆಗೆದಳು.

ಬಾರದವರೇ,
ನನ್ನ ಮಾತಿಗೆ ಹೂಂಗುಟ್ಟಲು ಬರಬೇಡಿ.
ಬಂದು ನನ್ನನ್ನು ಇನ್ನೊಮ್ಮೆ ಸೋಲಿಸಿ.
ಸೂರು ಈಗಲೂ ಸೋರುತ್ತಿದೆ.
ಬಕೆಟ್ಟಿನ ನೀರು ಚೆಲ್ಲುವವರ ಹೆಸರು
ಬಾಗಿಲ ಬಳಿಯ ಹಲಗೆಯ ಮೇಲಿದೆ:
ಸೋಮವಾರ ನಾನು, ಬುಧವಾರ ಪಾ ಕೂ,
ಗುರುವಾರ ಖಾಲಿ.
ಸೀಮೆಸುಣ್ಣ ಅಲ್ಲೇ, ದಾರದಲ್ಲಿ ನೇತಾಡುತ್ತಿದೆ.