ಪರಡಿ ತಳ

ಸುವರ್ಣ ಮಹೋತ್ಸವದ ಸಂಚಿಕೆಗೆ
ಒಂದು ಪುಟ ಬರೆದುಕೊಡ್ರಿ ಅಂದಾರ ರಿಜಿಸ್ಟ್ರಾರ್ ಸಾಹೇಬರು.
ಮೊದಲ ಬ್ಯಾಚಿನ ಹನ್ನೊಂದು ಮಂದ್ಯಾಗ
ಫೋನು ಎತ್ತಿದಾಂವ ನಾ ಒಬ್ಬನೇ ಅಂತ.

ಬರೀಲಿಕ್ಕೆ ಏನದ?
ಕಲಬುರಗಿ ಗಂಜಿನ್ಯಾಗ ಸಾತಲಿಂಗಪ್ಪ ಸಾಹುಕಾರರ ದಾಲ್ ಮಿಲ್,
ಹಿಂದಿನ ಗೋದಾಮಿನ ಗೋಡಿಗೆ ಕರೇ ಬಣ್ಣ ಹಚ್ಚಿ
ಸಂಜೀ ಆರಕ್ಕ ಶುರು ಆತು ಕಾಮರ್ಸ್ ಕಾಲೇಜು.
ತೊಗರಿ ಚೀಲ ಎರಡು ಪೇರಿಸಿದ್ರ ಅದೇ ಬೆಂಚು,
ಸೀಜನ್ನಿನ್ಯಾಗ ಎತ್ತರ, ಮಾಲು ಹೋದಂಗ ಗಿಡ್ಡ;
ಮಾರ್ಚ್ ಬರೋದ್ರೊಳಗ ಫರ್ಶಿ ಮ್ಯಾಲೆ ಕೂತು
ಬ್ಯಾಲೆನ್ಸ್ ಶೀಟ್ ಬರದೀವಿ.
ನಯೀಮುದ್ದೀನ್ ಮಾಸ್ತರು ಡೆಬಿಟ್ ಅಂದು ಸೀನತಿದ್ರು,
ಕ್ರೆಡಿಟ್ ಅಂದು ಸೀನತಿದ್ರು, ಹೊಟ್ಟಿನ ಧೂಳಿಗೆ.
ಇವತ್ತಿಗೂ ಯಾರರ ಸೀನಿದ್ರ
ನನ್ನ ಕೈ ಪೆನ್ನು ಹುಡುಕತದ.

ಆಮ್ಯಾಲಿಂದು ಎಲ್ಲಾರಿಗೂ ಗೊತ್ತದ.
ಊರ ಹೊರಗ ಜಮೀನು, ಮೊದಲು ಹಾಸ್ಟೆಲ್ಲು, ಆಮ್ಯಾಲ ವಿಶ್ವವಿದ್ಯಾಲಯ,
ನಾಕು ಮಾಳಗಿ ಗಾಜಿನ ಬಿಸಿನೆಸ್ ಸ್ಕೂಲು.

ನಿನ್ನೆ ಹೋಗಿದ್ದೆ.
ಲಾಬಿಯಾಗ ನಿಂತದ ನಮ್ಮ ಮಿಲ್ಲಿನ ಹಿತ್ತಾಳಿ ತಕ್ಕಡಿ!
ತೊಳದಾರ, ಉಜ್ಜ್ಯಾರ, ಮ್ಯಾಲ ಲೈಟು ಬಿಟ್ಟಾರ,
ಬಾಜೂಕ ಫಲಕ: 'ನಮ್ಮ ಮೌಲ್ಯಗಳು'.
ಎಥಿಕ್ಸ್ ಪೇಪರಿನ ಮೊದಲ ಕ್ಲಾಸು ಇದರ ಮುಂದೇ ಮಾಡ್ತೀವಿ
ಅಂದ್ರು ಮೇಡಂ ಒಬ್ರು, ಕಮಲಾಪುರದವರು,
ಭಾಳ ಶಾಣ್ಯಾ ಹುಡುಗಿ.

ನಾ ಬಗ್ಗಿದೆ.
ಕಲ್ಲಿಡೋ ಪರಡಿ ತಳಕ್ಕ ಕೈ ಹಾಕಿದೆ.
ಅದ.
ಮ್ಯಾಲಷ್ಟೇ ಉಜ್ಜ್ಯಾರ.
ನಿಂಬಿಹಣ್ಣಿನಷ್ಟು ಹುಣಸೀಹಣ್ಣು, ಒಣಗಿ ಕಲ್ಲಾಗ್ಯಾದ.

ಹಚ್ಚಿದಾಂವ ನಾನೇ. ಹದಿನಾರು ವರ್ಷ ನನಗ.
ಜೇವರ್ಗಿ ಕಡಿ ಗಾಡಿಗೋಳು ಗೇಟಿನ್ಯಾಗ ನಿಂತ್ರ
ಸಾಹುಕಾರರು ಸಣ್ಣ ದನೀಲೆ ಕರೀತಿದ್ರು:
ಹಣಮಂತ್ಯಾ, ಹಣ್ಣು ನೋಡು.
ತೂಕಕ್ಕೊಂದು ಛಟಾಕು, ದಿನಕ್ಕ ಎಷ್ಟು ತೂಕ,
ಸೀಜನ್ನಿಗೆ ಎಷ್ಟು ಚೀಲ,
ಮಾಸ್ತರು ಕಲಿಸೋದಕ್ಕಿಂತ ಮೊದಲೇ ನನಗ ಬಾಯಿಪಾಠ.
ಮರುವರ್ಷ ಅದೇ ಬಾಯಿಲೆ ಅಂದ್ರು:
ನಿನಗ ಫೀಸಿಲ್ಲ, ಓದು.
ನಾ ಓದಿದೆ, ಬ್ಯಾಂಕ್ ಸೇರಿದೆ, ಮಕ್ಕಳ ಮದವಿ ಮಾಡಿದೆ.

ಎರಡೂ ಮಾತು ಖರೇನೇ.
ಯಾವ ಬಾಜೂ ಯಾವುದು ಬರೀಬೇಕಂತ
ಐವತ್ತು ವರ್ಷ ಆತು, ತಾಳಿ ಬಿದ್ದಿಲ್ಲ.

ಉಗುರಿಲೆ ಕೆರದೆ. ಒಂದು ಚೂರು ಬಂತು.
ಅಂಕಲ್, ಮುಟ್ಟಬ್ಯಾಡ್ರಿ, ಅಂದ ಸೆಕ್ಯುರಿಟಿ.
ಹೊರಗ ಬಂದು ನಾಲಿಗಿ ಮ್ಯಾಲ ಇಟಗೊಂಡೆ.
ಇನ್ನೂ ಹುಳಿ ಅದ.

ಪುಟ ನಾಳಿಗೇ ಬೇಕಂತ.
ಫೋಟೋನೂ ಕೇಳ್ಯಾರ,
ಪಾಸ್‌ಪೋರ್ಟ್ ಸೈಜು.